ಮೌಸ್ ಬಿಚ್ಚಿಟ್ಟು ಕಲಿಸಿದ ವಿಂಡೋಸ್ ಎಂಟು: ನನ್ನ ಅನುಭವ

ಇದು 2014ರ ಮಾರ್ಚ್‌ನಲ್ಲಿ ಬರೆದದ್ದು; ದರ, ಸಲಹೆ ಎಲ್ಲಾ ಆ ಹೊತ್ತಿನವು. ಈ ಸಲದ ಕಾಫಿ ಕೊಯ್ಲು ಮುಗಿಯುತ್ತಾ ಬಂತು. ಅರೇಬಿಕಾ ಜನವರಿಗೇ ಆಯಿತು. ರೋಬಸ್ಟಾ ಎರಡು ಮೂರು ತೋಟದಲ್ಲಿ ಮಾತ್ರ ಉಳಿದಿದೆ. ನವೆಂಬರ್‌ನಿಂದ ಇಲ್ಲಿಯವರೆಗೆ ನಾನು ಕಂಪ್ಯೂಟರ್ ನೋಡಿಕೊಳ್ಳುವ ಇಪ್ಪತ್ತಮೂರು ತೋಟದ ಆಫೀಸುಗಳಲ್ಲಿ ವಿಂಡೋಸ್ ಎಂಟೇ ಓಡಿದೆ. ಈ ಕೊಯ್ಲಿನಲ್ಲಿ ಒಂದನ್ನೂ ಹಿಂದಿನ ವಿಂಡೋಸ್ ಏಳಕ್ಕೆ ಇಳಿಸಲಿಲ್ಲ. ವಾರದ ಬಟವಾಡೆ ಒಂದು ಕಡೆಯೂ ನಿಲ್ಲಲಿಲ್ಲ.

ಹೋದ ವರ್ಷ ಇದೇ ಹೊತ್ತಿಗೆ ಐ.ಜಿ. ರೋಡಿನ ಗೆಳೆಯರು, 'ಚಿಕ್ಕಮಗಳೂರಲ್ಲಿ ಎಂಟು ನಡೆಯಲ್ಲ ಕಣೋ, ಸುಮ್ನೆ ಗಿರಾಕಿ ಕಳ್ಕೋತೀಯ' ಎಂದಿದ್ದರು. ಹಾಸನದಿಂದ ಪಾರ್ಟ್ಸ್ ತರುವ ಗೆಳೆಯನೂ ಅದನ್ನೇ ಹೇಳಿದ್ದ. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. 2014ರ ಏಪ್ರಿಲ್ 8ಕ್ಕೆ ಹಳೇ ವಿಂಡೋಸ್ ಎಕ್ಸ್‌ಪಿಗೆ ಅಪ್‌ಡೇಟ್ ನಿಲ್ಲುತ್ತೆ. ಇನ್ನು ಒಂದು ತಿಂಗಳೂ ಇಲ್ಲ. ಎಕ್ಸ್‌ಪಿ ಮಷೀನನ್ನು ಎಂಟಕ್ಕೆ ಬದಲಿಸುವ ಕೆಲಸ ನಮ್ಮ ಕಸುಬಿನ ಎಲ್ಲರ ಕೈಗೂ ಬರುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಎಂಟು ಬಂದದ್ದು 2012ರ ಅಕ್ಟೋಬರ್ 26ಕ್ಕೆ. ಪ್ರೊ ಅಪ್‌ಗ್ರೇಡ್ 1,999 ರೂಪಾಯಿಗೆ ಇತ್ತು, 2013ರ ಜನವರಿ 31ರವರೆಗೆ ಮಾತ್ರ. ಕೊನೇ ವಾರ ಆತುರಕ್ಕೆ ಬಿದ್ದು ಐದು ತಗೊಂಡೆ. ಹತ್ತಿರ ಹತ್ತಿರ ಹತ್ತು ಸಾವಿರ. ಮಷೀನಿಗೆ ಎಂಟು ಹೊಂದುತ್ತಾ ಎಂದು ನೋಡಿ ಹೇಳುವ ಅಪ್‌ಗ್ರೇಡ್ ಅಸಿಸ್ಟೆಂಟನ್ನು ಅಂಗಡಿಯ ಒಂದೇ ಮಷೀನಿನಲ್ಲಿ ಓಡಿಸಿ, ಅಲ್ಲಿಂದಲೇ ಎಲ್ಲಾ ಕೀ ಖರೀದಿ ಮಾಡಿದ್ದೆ. ತೋಟಕ್ಕೆ ಹೋಗಿ ನೋಡಿದರೆ ಎರಡು ಹಳೇ ಪೆಂಟಿಯಮ್ 4. ಪ್ರೊಸೆಸರ್ ಹೊಂದಲ್ಲ ಅಂತ ಶುರುವಿನಲ್ಲೇ ನಿಂತಿತು. ಎನ್‌ಎಕ್ಸ್ ಎಂಬ ರಕ್ಷಣಾ ಸೌಲಭ್ಯ ಇಲ್ಲದ ಪ್ರೊಸೆಸರ್ ಮೇಲೆ ಎಂಟು ಕೂರುವುದಿಲ್ಲ. ಒಂದೊಂದು ಮಷೀನಿನಲ್ಲೂ ಅಸಿಸ್ಟೆಂಟ್ ಓಡಿಸಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ನಾಲ್ಕು ಸಾವಿರ ಎಂಟು ತಿಂಗಳು ಹಾಗೇ ಕೂತಿತ್ತು. ಎಕ್ಸ್‌ಪಿಯಿಂದ ಬರುವಾಗ ಫೈಲು ಮಾತ್ರ ಉಳಿಯುತ್ತೆ, ಪ್ರೋಗ್ರಾಂ ಎಲ್ಲಾ ಮತ್ತೆ ಹಾಕಬೇಕು. ಅದು ನಿಮಗೆ ಗೊತ್ತಿರುವುದೇ.

ಹಾಕುವುದು ಕಷ್ಟ ಆಗಲಿಲ್ಲ. ಹಾಕಿದ ಮೇಲೆ ಶುರುವಾಯಿತು. ಆಲ್ದೂರು ಕಡೆಯ ಒಂದು ತೋಟದಲ್ಲಿ ರೈಟರ್ (ಲೆಕ್ಕಪತ್ರ ಬರೆಯುವ ಗುಮಾಸ್ತ) ಆಗಿರುವ ರಾಯರು ಅರವತ್ತರ ಹತ್ತಿರದವರು. ಮಷೀನ್ ಆನ್ ಮಾಡಿದ ತಕ್ಷಣ ಬಣ್ಣಬಣ್ಣದ ಚೌಕಗಳು ಬಂದವು. ಅವರು ಕನ್ನಡಕ ಮೇಲೆತ್ತಿ ನೋಡಿ, 'ಎಂತ ಮಾರಾಯ ಇದು, ಕಂಪ್ಯೂಟರ್ ಕೇಳಿದ್ರೆ ಟಿ.ವಿ. ಕೊಟ್ಟಿದ್ದೀಯ?' ಎಂದರು. ನಾನು ಮೌಸ್ ಹಿಡಿದು ಮೂಲೆ ತೋರಿಸಿದೆ. ಮೇಲಿನ ಬಲ ಮೂಲೆಗೆ ಹೋಗಿ, ಕೆಳಗೆ ಎಳೆಯಿರಿ, ಸೆಟ್ಟಿಂಗ್ಸ್ ಎಲ್ಲಾ ಇರುವ ಪಟ್ಟಿ ಬರುತ್ತೆ. ಅವರು ಹೋದರು, ಎಳೆದರು, ಬರಲಿಲ್ಲ. ಹಳೇ ಮೌಸ್, ಅದರ ಕೆಳಗೆ ಕಾಫಿ ಬೋರ್ಡಿನ ಕ್ಯಾಲೆಂಡರ್. ಬಾಣ ಎಲ್ಲೆಲ್ಲೋ ಜಾರುತ್ತಿತ್ತು. ಎರಡು ಗಂಟೆ ಕೂತು ಹೇಳಿಕೊಟ್ಟೆ. ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಫೋನ್. ಹಣ್ಣಿನ ತೂಕದ ಫೋಟೊ ತೆರೆದಿದ್ದಾರೆ, ಪರದೆ ತುಂಬಾ ಫೋಟೊ, ಮುಚ್ಚುವ ಗುರುತೇ ಇಲ್ಲ.

ಆ ತಿಂಗಳು ನನಗೆ ಬಂದ ಫೋನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದೇ ವಿಷಯಕ್ಕೆ. ಪಿಡಿಎಫ್ ತೆರೆದರೂ ಹಾಗೇ, ಫೋಟೊ ತೆರೆದರೂ ಹಾಗೇ. ಇದಕ್ಕೆ ಮದ್ದು ಸುಲಭ. ಎರಡನ್ನೂ ಡೆಸ್ಕ್‌ಟಾಪಿನ ಹಳೇ ಪ್ರೋಗ್ರಾಂಗೆ ಡಿಫಾಲ್ಟ್ ಮಾಡಿಬಿಡಿ. ಹಳೇ ಫೋಟೊ ವ್ಯೂವರ್ ಒಳಗೇ ಇದೆ. ಮೊದಲ ದಿನವೇ ಮಾಡಬೇಕು. ನಾನು ಮಾಡಿರಲಿಲ್ಲ. ಆ ಕಾಲದಲ್ಲಿ ಮೂರು ಗಿರಾಕಿಗಳು ಬೇರೆಯವರ ಹತ್ತಿರ ಹೋಗಿ ಏಳು ಹಾಕಿಸಿಕೊಂಡರು. ವರ್ಷಕ್ಕೆ ಒಂಬತ್ತು ಸಾವಿರದಷ್ಟು ಮೇಂಟೆನೆನ್ಸ್ ಹೋಯಿತು. ಇಬ್ಬರು ವಾಪಸ್ ಬಂದಿದ್ದಾರೆ.

ಆಮೇಲೆ ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ. ಎಂಟರಲ್ಲಿ ತೆಗೆದುಹಾಕಿದ್ದ ಹಳೇ ಸ್ಟಾರ್ಟ್ ಮೆನು ವಾಪಸ್ ತರುವ ಒಂದು ಪುಕ್ಕಟೆ ಸಾಫ್ಟ್‌ವೇರನ್ನು ಹನ್ನೊಂದು ಮಷೀನಿಗೆ ಹಾಕಿದೆ. ಎರಡು ತಿಂಗಳು ಫೋನೇ ಇಲ್ಲ. ಇನ್ನೇನು ಗೆದ್ದೆ ಎಂದುಕೊಂಡೆ. ಆದರೆ ರೈಟರ್‌ಗಳು ಏನೂ ಕಲಿಯಲಿಲ್ಲ. ಕೈ ತಪ್ಪಿ ವಿಂಡೋಸ್ ಕೀ ಒತ್ತಿದಾಗ, ಯಾವುದೋ ಫೈಲು ಪೂರ್ತಿ ಪರದೆಗೆ ತೆರೆದುಕೊಂಡಾಗ ಮತ್ತೆ ಅದೇ ಗಾಬರಿ. ಮಳೆಗಾಲ ಮುಗಿಯುವ ಮೊದಲೇ ಹನ್ನೊಂದರಿಂದಲೂ ತೆಗೆದೆ. ಈ ಸಾಫ್ಟ್‌ವೇರ್ ಕೆಟ್ಟದ್ದಲ್ಲ. ಆದರೆ ಒಂದೇ ಮಷೀನಿನಲ್ಲಿ ಎರಡು ದಾರಿ ಇಟ್ಟರೆ ಕಲಿಯುವವರು ದಾರಿ ತಪ್ಪುತ್ತಾರೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಟಚ್ ಮಾನಿಟರ್ ಪ್ರಯೋಗವನ್ನೂ ಹೇಳಬೇಕು. ಬೆರಳಿಗೆ ಮಾಡಿದ ವಿನ್ಯಾಸ ಅಲ್ವಾ, ಬೆರಳಿಗೇ ಕೊಟ್ಟು ನೋಡೋಣ ಎಂದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ತಂದೆ. ಹನ್ನೆರಡೂವರೆ ಸಾವಿರ ಆಯಿತು ಅಂತ ನೆನಪು. ರಾಯರ ಮೇಜಿನ ಮೇಲೆ ಒಂದು ವಾರ ಇಟ್ಟೆ. ಹದಿನೈದು ನಿಮಿಷಕ್ಕೆ ಅವರ ಭುಜ ನೋಯತೊಡಗಿತು. ಕೂತ ಜಾಗದಿಂದ ಕೈ ಚಾಚಿಯೇ ಇರಬೇಕು, ಒರಗಲು ಏನೂ ಇಲ್ಲ. ಎಕ್ಸೆಲ್‌ನ ಸಣ್ಣ ಮನೆಗಳ ಮೇಲೆ ಬೆರಳಿಟ್ಟರೆ ಪಕ್ಕದ್ದು ಆಯ್ಕೆ ಆಗುತ್ತಿತ್ತು. ವಾರದ ಕೊನೆಗೆ ಗಾಜಿನ ಮೇಲೆಲ್ಲ ಬೆರಳ ಗುರುತು. ವಾಪಸ್ ತಂದೆ. ಆಮೇಲೆ ಒಂದು ಬೇಕರಿಯವರಿಗೆ ಒಂಬತ್ತು ಸಾವಿರಕ್ಕೆ ಕೊಟ್ಟೆ. ಅಲ್ಲಿ ಅದನ್ನು ಕೌಂಟರ್ ಮೇಲೆ ಮಲಗಿಸಿದಂತೆ ಕೂರಿಸಿದ್ದೇನೆ. ನಿಂತುಕೊಂಡೇ ಬಿಲ್ ಮಾಡುವ ಹುಡುಗರು ಬನ್ನು, ಪಫ್ಸು, ಖಾರ ಎಂದು ದೊಡ್ಡ ಚೌಕ ಒತ್ತುತ್ತಾರೆ. ಬಹಳ ಚೆನ್ನಾಗಿ ನಡೆದಿದೆ. ನಿಂತು ಮಾಡುವ ಕೆಲಸಕ್ಕೆ, ಪರದೆ ಸೊಂಟದ ಎತ್ತರಕ್ಕೆ ಇದ್ದರೆ, ಟಚ್ ಒಳ್ಳೆಯದು. ಮೇಜಿನ ಮುಂದೆ ಕೂತವರಿಗೆ ಬೇಡ.

ವಿಂಡೋಸ್ ಬದಲು ಪುಕ್ಕಟೆ ಸಿಗುವ ಉಬುಂಟುವನ್ನೂ ಒಂದು ಮಷೀನಿಗೆ ಹಾಕಿ ನೋಡಿದೆ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇರುವ ಆಫೀಸಿಗೆ ಅದು ಆಗುವ ಮಾತಲ್ಲ.

ದಾರಿ ಸಿಕ್ಕಿದ್ದು ಆ ಟ್ಯಾಲಿಯಿಂದಲೇ. ಆಗಸ್ಟಿನಲ್ಲಿ ಒಂದು ಸಂಜೆ ರಾಯರ ಪಕ್ಕ ಕೂತಿದ್ದೆ. ಹೊರಗೆ ಜೋರು ಮಳೆ. ಅವರು ವೋಚರ್ ಹಾಕುತ್ತಿದ್ದರು. ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್. ಕಣ್ಣು ಪುಸ್ತಕದ ಮೇಲೆ, ಬೆರಳು ತಾನಾಗೇ ಓಡುತ್ತಿತ್ತು. ಮೌಸ್ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಆರು ತಿಂಗಳಿಂದ ಈ ಮನುಷ್ಯನಿಗೆ ಮೂಲೆ ತೋರಿಸುತ್ತಿದ್ದೆನಲ್ಲ! ಅಲ್ಲೇ ಮೌಸ್ ಬಿಚ್ಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ.

'ಅದಿಲ್ದೆ ಹೆಂಗಪ್ಪಾ?'

'ಟ್ಯಾಲಿಯಲ್ಲಿ ಯಾವತ್ತಾದ್ರೂ ಅದನ್ನ ಮುಟ್ಟಿದ್ದೀರಾ ರಾಯರೇ? ಅರ್ಧ ಗಂಟೆ ಬೇಡ, ನೋಡಿ.'

ಮೂರೇ ಮೂರು ಹೇಳಿಕೊಟ್ಟೆ. ವಿಂಡೋಸ್ ಕೀ ಒತ್ತಿದರೆ ಚೌಕಗಳ ಪರದೆ, ಬಾಣದ ಕೀಲಿ ಒತ್ತಿ ಬೇಕಾದ ಚೌಕಕ್ಕೆ ಹೋಗಿ ಎಂಟರ್. ವಿಂಡೋಸ್ ಜೊತೆ ಡಿ ಒತ್ತಿದರೆ ಡೆಸ್ಕ್‌ಟಾಪ್. ಏನೇ ಸಿಕ್ಕಿಹಾಕಿಕೊಂಡರೂ ಆಲ್ಟ್ ಎಫ್4. ಅಷ್ಟೇ. ವಿಂಡೋಸ್ ಕೀ ಎಲ್ಲಿದೆ ಎಂದು ಹುಡುಕಬಾರದು ಅಂತ ಅದರ ಮೇಲೆ ಕೆಂಪು ಬಿಂದಿ ಅಂಟಿಸಿದೆ. ವಾರದಲ್ಲಿ ಬೆವರಿಗೆ ಬಿಂದಿ ಎದ್ದು ಬಂತು. ಈಗ ನೇಲ್ ಪಾಲಿಶ್ ಹಚ್ಚುತ್ತೇನೆ. ಒಂದು ಬಾಟಲಿ ಇಪ್ಪತ್ತೈದು ರೂಪಾಯಿ, ಇಪ್ಪತ್ತಮೂರು ಕೀಬೋರ್ಡಿಗೂ ಸಾಕಾಗಿ ಇನ್ನೂ ಉಳಿದಿದೆ.

ನಾಲ್ಕನೆಯದನ್ನು ಒಂದು ವಾರ ಬಿಟ್ಟು ಹೇಳಿಕೊಟ್ಟೆ. ಚೌಕಗಳ ಪರದೆಯಲ್ಲಿ ಹುಡುಕುವ ಜಾಗವೇ ಕಾಣಲ್ಲ, ಸುಮ್ಮನೆ ಟೈಪ್ ಮಾಡಬೇಕು. ಸಿ, ಎ, ಎಲ್, ಸಿ ಒತ್ತಿ ಎಂಟರ್ ಹೊಡೆದರೆ ಕ್ಯಾಲ್ಕ್ಯುಲೇಟರ್. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿ ಆನ್ ಇದ್ದರೆ ಮೊದಲು ಸ್ಕ್ರೋಲ್ ಲಾಕ್ ಒತ್ತಿ ಇಂಗ್ಲಿಷಿಗೆ ಬರಬೇಕು. ಒಂದು ಎಚ್ಚರ: ಮೊದಲಿನ ವಿಂಡೋಸ್ ಎಂಟರಲ್ಲಿ 'ಪ್ರಿಂಟರ್' ಎಂದು ಹುಡುಕಿದರೆ ಏನೂ ಇಲ್ಲ ಎಂಬಂತೆ ಕಾಣುತ್ತೆ. ಅದು ಪಕ್ಕದ ಸೆಟ್ಟಿಂಗ್ಸ್ ಭಾಗದಲ್ಲಿ ಕೂತಿರುತ್ತೆ. ಎಂಟಕ್ಕೆ ಆಮೇಲೆ ಬಂದ ಅಪ್‌ಡೇಟ್ 8.1ರಲ್ಲಿ ಎಲ್ಲಾ ಒಟ್ಟಿಗೇ ಬರುತ್ತೆ.

ಇನ್ನು ಚೌಕಗಳ ಜೋಡಣೆ. ನನ್ನ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಹವಾಮಾನ, ಆಟ, ಸುದ್ದಿ ಎಲ್ಲಾ ತೆಗೆದು ಬಿಡುತ್ತೇನೆ. ಆಮೇಲೆ ರೈಟರ್ ಹತ್ತಿರ ಒಂದು ಹಾಳೆ ಕೊಟ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ತೆರೆಯುತ್ತೀರಿ, ಅದೇ ಸಾಲಿನಲ್ಲಿ ಬರೆದು ಕೊಡಿ ಎನ್ನುತ್ತೇನೆ. ಆ ಹಾಳೆಯೇ ನಕ್ಷೆ. ಎಡಕ್ಕೆ 'ಬೆಳಿಗ್ಗೆ' ಎಂಬ ಗುಂಪು, ಅದರಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ) ಮತ್ತು ಮೇಲ್. ಮಧ್ಯೆ 'ಸಂಜೆ', ಅದರಲ್ಲಿ ಹಣ್ಣಿನ ತೂಕ ಮತ್ತು ಟ್ಯಾಲಿ. ಬಲಕ್ಕೆ 'ಶನಿವಾರ', ಅಲ್ಲಿ ಬಟವಾಡೆ ಒಂದೇ. ಶಾರ್ಟ್‌ಕಟ್ ಹೆಸರನ್ನೇ ಕನ್ನಡಕ್ಕೆ ಬದಲಿಸಿ ಪಿನ್ ಮಾಡಿದರೆ (ಚೌಕವಾಗಿ ಸಿಕ್ಕಿಸಿದರೆ) ಚೌಕದ ಮೇಲೂ ಕನ್ನಡವೇ ಬರುತ್ತೆ. ಎಂಟರ ಜೊತೆ ಬಂದ ನಿರ್ಮಲಾ ಯುಐ ಫಾಂಟ್ ಪರದೆ ಮೇಲೆ ತುಂಗಾಕ್ಕಿಂತ ತಿಳಿಯಾಗಿದೆ. ರಾಯರು 'ಬಟವಾಡೆ' ಎಂಬ ಚೌಕ ನೋಡಿ ಎರಡು ಸಲ ಓದಿದರು. ಆಮೇಲೆ ಆಫೀಸಿನ ಹುಡುಗನನ್ನು ಕರೆದು ತೋರಿಸಿದರು. ಅವತ್ತಿನಿಂದ ಅದು ಅವರ ಕಂಪ್ಯೂಟರ್ ಆಯಿತು.

ಆಫ್ ಮಾಡುವುದು ದೊಡ್ಡ ತಲೆನೋವಾಗಿತ್ತು. ಶಟ್ ಡೌನ್ ಎಲ್ಲಿದೆ ಎಂದು ಸಿಗದೆ ಮೂಡಿಗೆರೆ ಕಡೆಯ ಒಬ್ಬರು ಯುಪಿಎಸ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಟ್ಯಾಲಿ ಡೇಟಾ ಕೆಟ್ಟು, ಅದನ್ನು ಸರಿಪಡಿಸುವ ರೀರೈಟ್ ಮಾಡಿ ಉಳಿಸಿಕೊಳ್ಳಬೇಕಾಯಿತು. ಅದಕ್ಕೆ ಶಟ್‌ಡೌನ್ ಸ್ಲ್ಯಾಷ್ ಎಸ್, ಸ್ಲ್ಯಾಷ್ ಟಿ, ಸೊನ್ನೆ (shutdown /s /t 0; ಕೊನೆಯದು ಎಷ್ಟು ಸೆಕೆಂಡ್ ಕಾಯಬೇಕು ಎಂಬುದು) ಎಂಬ ಕಮಾಂಡಿಗೆ ಒಂದು ಶಾರ್ಟ್‌ಕಟ್ ಮಾಡಿ, 'ಆಫ್ ಮಾಡಿ' ಎಂದು ಹೆಸರಿಟ್ಟು ತೀರಾ ಬಲಕ್ಕೆ ಪಿನ್ ಮಾಡಿದೆ. ಕೈ ತಪ್ಪಿ ಒತ್ತಿದರೂ ತಡೆಯಲು ಸಮಯ ಸಿಗಲಿ ಎಂದು ಒಂದು ಕಡೆ ಸೊನ್ನೆ ಬದಲು ಹತ್ತು ಸೆಕೆಂಡ್ ಕೊಟ್ಟೆ. ಅದೇ ತಪ್ಪಾಯಿತು. ಸೊನ್ನೆ ಇದ್ದರೆ, ಉಳಿಸದ ಫೈಲು ಇದ್ದಾಗ ಕೇಳುತ್ತೆ. ಸೊನ್ನೆಗಿಂತ ಜಾಸ್ತಿ ಕೊಟ್ಟರೆ ಎಲ್ಲವನ್ನೂ ಬಲವಂತವಾಗಿ ಮುಚ್ಚುತ್ತೆ, ಕೇಳುವುದೇ ಇಲ್ಲ. ಒಬ್ಬರ ಎರಡು ಪುಟದ ಪತ್ರ ಹೋಯಿತು. ನಾನೇ ಕೂತು ಮತ್ತೆ ಟೈಪ್ ಮಾಡಿಕೊಟ್ಟೆ. ಸೊನ್ನೆಯನ್ನೇ ಇಡಿ.

ಇದರಿಂದ ಇನ್ನೊಂದು ಲಾಭ ಸಿಕ್ಕಿತು. ಎಂಟರಲ್ಲಿ ಮಾಮೂಲಿ ಶಟ್ ಡೌನ್ ಪೂರ್ತಿ ಆಫ್ ಮಾಡಲ್ಲ, ಬೇಗ ಏಳಲಿ ಎಂದು ಸಿಸ್ಟಮ್ ಭಾಗವನ್ನು ಡಿಸ್ಕಿಗೆ ಬರೆದು ಮಲಗಿಸುತ್ತೆ. ಹಳೇ ಪ್ರಿಂಟರ್ ಇರುವ ಕೆಲವು ಕಡೆ ಬೆಳಿಗ್ಗೆ ಪ್ರಿಂಟರ್ ಕಾಣುತ್ತಿರಲಿಲ್ಲ, ರೀಸ್ಟಾರ್ಟ್ ಮಾಡಿದರೆ ಬರುತ್ತಿತ್ತು. ಈ ಚೌಕದಿಂದ ಆಫ್ ಮಾಡಲು ಶುರು ಮಾಡಿದ ಮೇಲೆ ಆ ದೂರು ನಿಂತಿತು. ಈ ಶಾರ್ಟ್‌ಕಟ್ ಪೂರ್ತಿ ಆಫ್ ಮಾಡುತ್ತೆ. ಏಳುವುದು ಸ್ವಲ್ಪ ನಿಧಾನ, ಅಷ್ಟರಲ್ಲಿ ಒಂದು ಲೋಟ ಕಾಫಿ ಆಗುತ್ತೆ.

ತೋಟಗಳಲ್ಲಿ ನೆಟ್ ಇರುವುದು ಸಿಮ್ ಹಾಕುವ ಡಾಂಗಲ್‌ನಲ್ಲಿ. ಅದನ್ನು ಮೀಟರ್ಡ್ (ಅಳತೆಯ ನೆಟ್) ಎಂದು ಗುರುತು ಮಾಡಿ, ನೆಟ್‌ನಿಂದ ತಾನಾಗೇ ಬದಲಾಗುವ ಚೌಕಗಳನ್ನು, ಅಂದರೆ ಲೈವ್ ಟೈಲ್, ಎಲ್ಲಾ ಆಫ್ ಮಾಡಿ. ಒಂದು ತೋಟದಲ್ಲಿ ತಿಂಗಳಿಗೆ ಎರಡು ರೀಚಾರ್ಜ್ ಹೋಗುತ್ತಿದ್ದದ್ದು ಒಂದಕ್ಕೆ ಇಳಿಯಿತು.

2013ರ ಅಕ್ಟೋಬರ್ 17ಕ್ಕೆ 8.1 ಬಂತು. ಸ್ಟಾರ್ಟ್ ಬಟನ್ ವಾಪಸ್ ಬಂತಲ್ಲ, ನಿನ್ನ ಪಾಠ ದಂಡ ಎಂದರು ಕೆಲವರು. ಬಟನ್ ಬಂತು, ಒತ್ತಿದರೆ ಬರುವುದು ಅದೇ ಚೌಕಗಳ ಪರದೆ. ನನ್ನ ಗಿರಾಕಿಗಳು ಅದನ್ನು ಗಮನಿಸಲೂ ಇಲ್ಲ, ಅವರು ಕೆಂಪು ಕೀಲಿ ಒತ್ತುತ್ತಿದ್ದರು. ಆದರೂ 8.1ಕ್ಕೆ ಹೋಗಲೇಬೇಕು ಎನ್ನುತ್ತೇನೆ. ಟಾಸ್ಕ್‌ಬಾರ್ ಪ್ರಾಪರ್ಟೀಸ್‌ನಲ್ಲಿ ನ್ಯಾವಿಗೇಶನ್ ಎಂಬ ಹೊಸ ಟ್ಯಾಬ್ ಇದೆ. ಆನ್ ಆದ ತಕ್ಷಣ ಡೆಸ್ಕ್‌ಟಾಪಿಗೇ ಬರುವಂತೆ ಅಲ್ಲಿಂದ ಮಾಡಬಹುದು, ಮೇಲಿನ ಮೂಲೆಗಳನ್ನು ಸುಮ್ಮನಿರಿಸಬಹುದು. ಎಲ್ಲಕ್ಕಿಂತ ಚೆಂದದ್ದು, ಡೆಸ್ಕ್‌ಟಾಪಿನ ಚಿತ್ರವನ್ನೇ ಚೌಕಗಳ ಹಿಂದೆಯೂ ಇಡಬಹುದು. ರಾಯರ ಪರದೆಯಲ್ಲಿ ಅವರ ತೋಟದ ಕಣದ ಫೋಟೊ ಇದೆ. ವಿಂಡೋಸ್ ಕೀ ಒತ್ತಿದರೆ ಕಣ ಅಲ್ಲೇ ಇರುತ್ತೆ, ಅದರ ಮೇಲೆ ಚೌಕಗಳು ಬಂದು ನಿಲ್ಲುತ್ತವೆ. ಬೇರೆ ಊರಿಗೆ ಹೋದಂತೆ ಅನಿಸುವುದಿಲ್ಲ. ಇದೊಂದರಿಂದ ಹೊಸಬರ ಗಾಬರಿ ಅರ್ಧ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

8.1 ಇಳಿಸಲು ಮೂರು ಜಿಬಿಗಿಂತ ಜಾಸ್ತಿ ಬೇಕು. ಡಾಂಗಲ್‌ನಲ್ಲಿ ಆಗದ ಕೆಲಸ. ಅಂಗಡಿಯಲ್ಲಿ ರಾತ್ರಿ ಒಂದೇ ಸಲ ಇಳಿಸಿ, ಎಲ್ಲಾ ತೋಟಕ್ಕೂ ಪೆನ್ ಡ್ರೈವಿನಲ್ಲಿ ಒಯ್ದು ಸರಿಯಾದ ಕೀಯಲ್ಲೇ ಹಾಕಿದೆ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಚೌಕಗಳ ಜೋಡಣೆಯನ್ನು ಒಂದು ಮಷೀನಿನಿಂದ ಇನ್ನೊಂದಕ್ಕೆ ಹತ್ತು ನಿಮಿಷದಲ್ಲಿ ಸಾಗಿಸುವುದೂ ಹಾಗೇ. ಅದು ನನ್ನ ಹೊಟ್ಟೆಪಾಡು, ತಪ್ಪು ತಿಳಿಯಬೇಡಿ.

ಈಗ ಒಂದು ಮಷೀನಿಗೆ ಆರುನೂರು ತಗೊಳ್ಳುತ್ತೇನೆ, ಲೈಸೆನ್ಸ್ ಬೇರೆ. ಅದರಲ್ಲಿ ಎರಡು ಭೇಟಿ. ಎರಡನೆಯದು ಸರಿಯಾಗಿ ಎಂಟನೇ ದಿನ, ನಾಲ್ಕನೇ ಪಾಠಕ್ಕೆ. ಆ ಭೇಟಿ ಬಿಟ್ಟ ಎರಡು ಕಡೆಯೂ ಫೋನುಗಳು ಮತ್ತೆ ಶುರುವಾದವು. ಅದಕ್ಕೆ ಪೆಟ್ರೋಲ್ ಖರ್ಚಾದರೂ ಬಿಡಬೇಡಿ. ಮೊದಲು ಒಂದು ಮಷೀನಿನಿಂದ ತಿಂಗಳಿಗೆ ಐದಾರು ಫೋನ್ ಬರುತ್ತಿತ್ತು. ಈಗ ಎಲ್ಲಾ ಸೇರಿ ಹತ್ತು ದಾಟಲ್ಲ. ಏಪ್ರಿಲ್ 8ರೊಳಗೆ ಕೊಪ್ಪ, ಬಾಳೆಹೊನ್ನೂರು ಕಡೆಯ ಹತ್ತೊಂಬತ್ತು ಎಕ್ಸ್‌ಪಿ ಮಷೀನು ಬದಲಿಸುವುದಿದೆ. ಅದರಲ್ಲಿ ಏಳು ಪೆಂಟಿಯಮ್ 4. ಈ ಸಲ ಮೊದಲು ಅಸಿಸ್ಟೆಂಟ್ ಓಡಿಸಿ, ಆಮೇಲೆ ಅಡ್ವಾನ್ಸ್ ತಗೊಂಡಿದ್ದೇನೆ.