ಪಾಸ್‌ವರ್ಡ್ ಬೇಡ, ಚೀಟಿ ಸಾಕು: ನಿಮ್ಮ ಆ್ಯಪ್‌ಗೆ ಓಆತ್ ಜೋಡಿಸುವುದು ಹೀಗೆ

ಧಾರವಾಡದ ಸಪ್ತಾಪುರದಲ್ಲೊಂದು ಕೋಚಿಂಗ್ ಕ್ಲಾಸ್ ಅಂದುಕೊಳ್ಳಿ. ಅಲ್ಲಿ ಪಾಠ ಮಾಡುವ ಆರೂ ಜನ ಸರ್‌ಗಳು ಹುಬ್ಬಳ್ಳಿಗೂ ಗದಗಕ್ಕೂ ಓಡಾಡುವವರು. ಯಾರಿಗೆ ಯಾವಾಗ ಬಿಡುವು ಎಂಬುದು ಅವರವರ ಗೂಗಲ್ ಕ್ಯಾಲೆಂಡರ್‌ನಲ್ಲಿದೆ. ಅದನ್ನು ನೋಡಿ ವಾರದ ಟೈಮ್‌ಟೇಬಲ್ ಕೂಡಿಸುವ ಸಣ್ಣ ವೆಬ್ ಆ್ಯಪ್ ಬೇಕು. ಆಫೀಸಿನ ಹುಡುಗನಿಗೆ ಮೊದಲು ಹೊಳೆಯುವ ಉಪಾಯ ಇದು: 'ಸರ್, ನಿಮ್ಮ ಜಿಮೇಲ್ ಪಾಸ್‌ವರ್ಡ್ ಹೇಳಿಬಿಡ್ರಿ, ನಾನ ಹಾಕ್ಕೋತೀನಿ.'

ಆ ಒಂದು ಪಾಸ್‌ವರ್ಡ್‌ಗೆ ಕ್ಯಾಲೆಂಡರ್ ಜೊತೆ ಮೇಲ್, ಫೋಟೊ, ಡ್ರೈವ್ ಎಲ್ಲವೂ ತೆರೆದುಕೊಳ್ಳುತ್ತವೆ. ನಾಳೆ ಸರ್ ಕ್ಲಾಸ್ ಬಿಟ್ಟರೂ ಪಾಸ್‌ವರ್ಡ್ ಬದಲಿಸುವವರೆಗೆ ಆ ಬಾಗಿಲು ತೆರೆದೇ ಇರುತ್ತದೆ. ಈ ತೊಂದರೆ ತಪ್ಪಿಸಲು ಮಾಡಿದ ಪದ್ಧತಿಯೇ ಓಆತ್. ಇಂದು ಎಲ್ಲೆಡೆ ಬಳಕೆಯಲ್ಲಿರುವ ಅದರ 2.0 ಆವೃತ್ತಿ 2012ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 6749 ಎಂಬ ಇಂಟರ್ನೆಟ್ ಮಾನಕ ದಾಖಲೆಯಾಗಿ ಪ್ರಕಟವಾಯಿತು.

ಬ್ಯಾಡಗಿಯ ಪೇಟೆ ಬಲ್ಲವರಿಗೆ ಇದರ ತಿರುಳು ತಟ್ಟನೆ ಹಿಡಿಯುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿ ನಿಮ್ಮ ಹೆಸರಿನಲ್ಲಿ ನೂರು ಚೀಲ ಮೆಣಸಿನಕಾಯಿ ಇದೆ. ಟೆಂಪೊ ಡ್ರೈವರನ ಕೈಯಲ್ಲಿ 'ಈ ಚೀಟಿ ತಂದವರಿಗೆ ಹತ್ತು ಚೀಲ ಕೊಡಿ, ಇವತ್ತಿಗೆ ಮಾತ್ರ' ಎಂದು ಬರೆಸಿದ ಚೀಟಿ ಕಳಿಸಿದರೆ ಸಾಕು. ಇಲ್ಲಿ ಸರ್ ಮಾಲಿನ ಒಡೆಯ, ನಿಮ್ಮ ಆ್ಯಪ್ ಡ್ರೈವರ್, ಗೂಗಲ್‌ನ ಲಾಗಿನ್ ಸರ್ವರ್ ಚೀಟಿ ಬರೆಯುವ ಗುಮಾಸ್ತ, ಕ್ಯಾಲೆಂಡರ್ ಸರ್ವರ್ ಗೋದಾಮು. ಚೀಟಿಗೆ ಆಕ್ಸೆಸ್ ಟೋಕನ್ ಎಂದು ಹೆಸರು. 'ತಂದವರಿಗೆ' ಎಂಬ ಮಾತನ್ನು ಮರೆಯಬೇಡಿ. ಟೋಕನ್ ಯಾರ ಕೈಗೆ ಸಿಕ್ಕರೂ ಗೋದಾಮಿನವರು ಮುಖ ನೋಡದೆ ಮಾಲು ಕೊಡುತ್ತಾರೆ. ಅದಕ್ಕೇ ಇದನ್ನು ಬೇರರ್ ಟೋಕನ್ ಎನ್ನುವುದು.

ಮೊದಲು ನೋಂದಣಿ

ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದು, ಕ್ಯಾಲೆಂಡರ್ ಎಪಿಐಯನ್ನು (ಹೊರಗಿನ ಆ್ಯಪ್‌ಗಳು ಕ್ಯಾಲೆಂಡರ್ ಜೊತೆ ಮಾತಾಡುವ ಬಾಗಿಲು) ಎನೇಬಲ್ ಮಾಡಿ. ಈ ಒಂದು ಗುಂಡಿ ಒತ್ತಲು ಮರೆತರೆ ಮುಂದೆ ಟೋಕನ್ ಸರಿಯಿದ್ದರೂ 403 ದೋಷ ಬರುತ್ತದೆ, ಮತ್ತು ಜನ ತಪ್ಪನ್ನು ಕೋಡ್‌ನಲ್ಲಿ ಹುಡುಕುತ್ತಾ ಕೂರುತ್ತಾರೆ. ನಂತರ ಆ್ಯಪ್‌ನ ಹೆಸರು, ಸಂಪರ್ಕದ ಇಮೇಲ್ ತುಂಬಿ, ಆಡಿಯೆನ್ಸ್ ಪುಟದಲ್ಲಿ ಆರೂ ಜನರ ವಿಳಾಸಗಳನ್ನು ಟೆಸ್ಟ್ ಯೂಸರ್‌ಗಳಾಗಿ ಸೇರಿಸಿ. ಟೆಸ್ಟಿಂಗ್ ಹಂತದಲ್ಲಿ 100 ಜನರವರೆಗೆ ಅವಕಾಶವಿದೆ. 'ವೆಬ್ ಅಪ್ಲಿಕೇಶನ್' ಮಾದರಿಯ ಕ್ಲೈಂಟ್ ಮಾಡಿಕೊಂಡಾಗ ಕ್ಲೈಂಟ್ ಐಡಿ, ಕ್ಲೈಂಟ್ ಸೀಕ್ರೆಟ್ ಸಿಗುತ್ತವೆ. ಐಡಿ ಯಾರು ನೋಡಿದರೂ ಅಡ್ಡಿಯಿಲ್ಲ. ಸೀಕ್ರೆಟ್ ಮಾತ್ರ ಸರ್ವರ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರಬೇಕು. ಬ್ರೌಸರ್‌ಗೆ ಹೋಗುವ ಜಾವಾಸ್ಕ್ರಿಪ್ಟ್‌ನಲ್ಲಿ ಅಥವಾ ಗಿಟ್‌ಹಬ್‌ನಲ್ಲಿ ಹಾಕಿದರೆ ಅದು ಸೀಕ್ರೆಟ್ ಆಗಿ ಉಳಿಯುವುದಿಲ್ಲ.

ಅಲ್ಲೇ ರಿಡೈರೆಕ್ಟ್ ವಿಳಾಸವನ್ನೂ ಬರೆಯಬೇಕು. ಸರ್ ಒಪ್ಪಿಗೆ ಕೊಟ್ಟ ಮೇಲೆ ಬ್ರೌಸರ್ ಮರಳಿ ಬರುವ ಜಾಗ ಇದು. ಬಹುಪಾಲು ಜನ ಎಡವುವುದು ಇಲ್ಲಿಯೇ. ನೋಂದಾಯಿಸಿದ ವಿಳಾಸ, ಆ್ಯಪ್ ಕಳಿಸುವ ವಿಳಾಸ ಎರಡೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕೊನೆಯ ಒಂದು ಓರೆಗೆರೆ ಹೆಚ್ಚಾದರೂ, ಪೋರ್ಟ್ 3000 ಇದ್ದದ್ದು 5000 ಆದರೂ 'ರಿಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್' ಎಂದು ಗುಮಾಸ್ತ ಕಿಟಕಿ ಮುಚ್ಚುತ್ತಾನೆ. ಎಚ್‌ಟಿಟಿಪಿಎಸ್ ಇಲ್ಲದ ವಿಳಾಸ ಲೋಕಲ್‌ಹೋಸ್ಟ್‌ಗಷ್ಟೇ ನಡೆಯುತ್ತದೆ. 192.168 ಎಂದು ಶುರುವಾಗುವ ಬರಿಯ ಐಪಿ ವಿಳಾಸವನ್ನಂತೂ ಗೂಗಲ್ ತೆಗೆದುಕೊಳ್ಳುವುದೇ ಇಲ್ಲ. ಕಾಲೇಜ್ ಲ್ಯಾಬ್‌ನಲ್ಲಿ ಒಂದು ಕಂಪ್ಯೂಟರ್‌ನಲ್ಲಿ ಆ್ಯಪ್ ಓಡಿಸಿ ಪಕ್ಕದ ಕಂಪ್ಯೂಟರ್‌ನಿಂದ ಪ್ರಾಜೆಕ್ಟ್ ತೋರಿಸಲು ಹೊರಟವರು ಇದನ್ನು ಪರೀಕ್ಷಕರು ಬರುವ ಮೊದಲೇ ತಿಳಿದಿರುವುದು ಒಳ್ಳೆಯದು.

ಎಷ್ಟು ಕೇಳಬೇಕು?

ಚೀಟಿಯಲ್ಲಿ ಏನು ಬರೆಸುತ್ತೀರಿ ಎಂಬುದೇ ಸ್ಕೋಪ್. ಪೂರ್ತಿ ಕ್ಯಾಲೆಂಡರ್ ಸ್ಕೋಪ್ ಕೇಳಿದರೆ ನಿಮ್ಮ ಆ್ಯಪ್ ಸರ್‌ಗಳ ಕ್ಯಾಲೆಂಡರ್ ತಿದ್ದಬಹುದು, ಅಳಿಸಬಹುದು. 'ರೀಡ್ಓನ್ಲಿ' ಕೇಳಿದರೆ ಓದಬಹುದು. ಆದರೆ ಮಂಗಳವಾರ ನಾಲ್ಕಕ್ಕೆ ಅವರು ಯಾವ ಡಾಕ್ಟರ ಬಳಿ ಹೋಗುತ್ತಾರೆ ಎಂಬುದೂ ಕಾಣುತ್ತದೆ. ಟೈಮ್‌ಟೇಬಲ್‌ಗೆ ಅದರ ಹಂಗೇಕೆ? 'ಫ್ರೀಬಿಸಿ' ಎಂಬ ಸ್ಕೋಪ್ ಇದೆ. ಅದು ನಾಲ್ಕರಿಂದ ಐದರವರೆಗೆ ಬಿಡುವಿಲ್ಲ ಎಂದಷ್ಟೇ ಹೇಳುತ್ತದೆ, ಕಾರಣ ಹೇಳುವುದಿಲ್ಲ. 'ಮುಂದೆ ಬೇಕಾದೀತು' ಎಂದು ಹೆಚ್ಚಿನದನ್ನು ಈಗಲೇ ಕೇಳಿಡುವ ಚಾಳಿ ಬಿಡಿ. ಬೇಕಾದಾಗ ಮತ್ತೆ ಕೇಳಲು ಬರುತ್ತದೆ.

ಕಳಿಸುವುದು, ಮರಳಿ ಬರಮಾಡಿಕೊಳ್ಳುವುದು

'ಕ್ಯಾಲೆಂಡರ್ ಜೋಡಿಸಿ' ಗುಂಡಿ ಒತ್ತಿದಾಗ ಸರ್‌ನ ಬ್ರೌಸರ್ ಅನ್ನು ಗೂಗಲ್‌ನ ಒಪ್ಪಿಗೆ ಪುಟಕ್ಕೆ ಕಳಿಸಬೇಕು. ಸರ್ ಒಪ್ಪಿದರೆ ಗೂಗಲ್ ಒಂದು ಕೋಡ್ ಕೊಟ್ಟು ಬ್ರೌಸರ್ ಅನ್ನು ಮರಳಿಸುತ್ತದೆ, ಆ ಕೋಡ್ ಕೊಟ್ಟು ನಿಮ್ಮ ಆ್ಯಪ್ ಟೋಕನ್ ಪಡೆಯುತ್ತದೆ. ವಿಳಾಸದ ಬಾಲದಲ್ಲಿ ಕ್ಲೈಂಟ್ ಐಡಿ, ರಿಡೈರೆಕ್ಟ್ ವಿಳಾಸ, ಸ್ಕೋಪ್, ರೆಸ್ಪಾನ್ಸ್ ಟೈಪ್ 'ಕೋಡ್', ಆಕ್ಸೆಸ್ ಟೈಪ್ 'ಆಫ್‌ಲೈನ್' ಇರುತ್ತವೆ. ಇವುಗಳ ಜೊತೆ ಇನ್ನೆರಡು ಬೇಕು. ಅವಿಲ್ಲದೆಯೂ ಆ್ಯಪ್ ಓಡುತ್ತದೆ, ಹಾಗಾಗಿಯೇ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಒಂದು, ಸ್ಟೇಟ್. ಯಾರೂ ಊಹಿಸಲಾಗದ ಅಕ್ಷರಗಳ ಸಾಲೊಂದನ್ನು ಮಾಡಿ ಸೆಷನ್‌ನಲ್ಲಿ ಇಟ್ಟುಕೊಂಡು, ಅದನ್ನೇ ಗೂಗಲ್‌ಗೂ ಕಳಿಸಿ. ಮರಳಿ ಬಂದಾಗ ಎರಡೂ ಒಂದೇ ಇದ್ದರೆ ಮಾತ್ರ ಮುಂದುವರಿಯಿರಿ. ಇದಿಲ್ಲದಿದ್ದರೆ ಬೇರೊಬ್ಬ ತನ್ನ ಖಾತೆಯ ಕೋಡ್ ಇರುವ ಲಿಂಕ್ ಕಳಿಸಿ, ಸರ್ ಅದನ್ನು ಒತ್ತುವಂತೆ ಮಾಡಿ, ಸರ್ ಹೆಸರಿಗೆ ತನ್ನ ಕ್ಯಾಲೆಂಡರ್ ಅಂಟಿಸಬಲ್ಲ.

ಇನ್ನೊಂದು ಪಿಕ್ಸಿ (PKCE), 2015ರಲ್ಲಿ ಬಂದ ಆರ್‌ಎಫ್‌ಸಿ 7636. 43ರಿಂದ 128 ಅಕ್ಷರಗಳ ಒಂದು ಗುಟ್ಟಿನ ಸಾಲು ಮಾಡಿ ನಿಮ್ಮ ಬಳಿ ಇಟ್ಟುಕೊಳ್ಳಿ, ಇದು ವೆರಿಫೈಯರ್. ಅದರ ಎಸ್‌ಎಚ್‌ಎ-256 ಹ್ಯಾಶ್ (ಮೂಲಕ್ಕೆ ಮರಳಿಸಲಾಗದ ಗುರುತು) ತೆಗೆದು, ಬೇಸ್64-ಯುಆರ್‌ಎಲ್ ರೂಪಕ್ಕೆ ತಂದು ಗೂಗಲ್‌ಗೆ ಕಳಿಸಿ, ಇದು ಚಾಲೆಂಜ್. ಮುಂದಿನ ಹಂತದಲ್ಲಿ ವೆರಿಫೈಯರ್ ತೋರಿಸಿದವರಿಗೇ ಟೋಕನ್, ಆದ್ದರಿಂದ ನಡುದಾರಿಯಲ್ಲಿ ಕೋಡ್ ಕದ್ದವನಿಗೆ ಪ್ರಯೋಜನವಿಲ್ಲ. ಇಲ್ಲಿ ಆಗುವ ತಪ್ಪನ್ನು ಎಣಿಸಿಯೇ ಹಿಡಿಯಬಹುದು. ಚಾಲೆಂಜ್ ಸರಿಯಾಗಿ 43 ಅಕ್ಷರ ಇರಬೇಕು. 44 ಇದ್ದರೆ ಕೊನೆಯ ಸಮಚಿಹ್ನೆ ತೆಗೆದಿಲ್ಲ. 64 ಇದ್ದರೆ ಹ್ಯಾಶ್ ಅನ್ನು ಹೆಕ್ಸ್‌ನಲ್ಲೇ ಬಿಟ್ಟಿದ್ದೀರಿ. 43 ಇದ್ದೂ ನಡುವೆ ಕೂಡಿಸುವ ಚಿಹ್ನೆಯೋ ಓರೆಗೆರೆಯೋ ಕಂಡರೆ ಸಾದಾ ಬೇಸ್64 ಬಳಸಿದ್ದೀರಿ.

ಮೊಬೈಲ್ ಆ್ಯಪ್ ಮಾಡುವವರು ಈ ಪುಟವನ್ನು ಆ್ಯಪ್ ಒಳಗಿನ ವೆಬ್‌ವ್ಯೂನಲ್ಲಿ ತೆರೆಯಬಾರದು. ಗೂಗಲ್ ಅದನ್ನು ತಡೆಯುತ್ತದೆ, ತಡೆಯುವುದೇ ಸರಿ: ವೆಬ್‌ವ್ಯೂನಲ್ಲಿ ಟೈಪ್ ಮಾಡಿದ ಪಾಸ್‌ವರ್ಡ್ ಅನ್ನು ಆ್ಯಪ್ ಓದಿಕೊಳ್ಳಬಲ್ಲದು. ಆಂಡ್ರಾಯ್ಡ್‌ನಲ್ಲಿ ಕ್ರೋಮ್ ಕಸ್ಟಮ್ ಟ್ಯಾಬ್ ಬಳಸಿ.

ಸರ್ 'ಬೇಡ' ಎಂದೂ ಒತ್ತಬಹುದು. ಆಗ ಕೋಡ್ ಬದಲು 'ಆಕ್ಸೆಸ್ ಡಿನೈಡ್' ಬರುತ್ತದೆ. ಹಲವು ಸ್ಕೋಪ್ ಕೇಳಿದ್ದರೆ ಕೆಲವಕ್ಕೆ ಮಾತ್ರ ಟಿಕ್ ಹಾಕಿರಬಹುದು, ಆದ್ದರಿಂದ ಟೋಕನ್ ಜೊತೆ ಬಂದ ಸ್ಕೋಪ್ ಪಟ್ಟಿಯನ್ನು ಓದಿಯೇ ಮುಂದೆ ಸಾಗಿ.

ಕೋಡ್ ಕೊಟ್ಟು ಟೋಕನ್

ಮರಳಿ ಬಂದ ವಿಳಾಸದಲ್ಲಿ ಇರುವುದು ಟೋಕನ್ ಅಲ್ಲ, ಕೋಡ್. ಒಂದೇ ಸಲಕ್ಕೆ ನಡೆಯುವ, ಬೇಗ ಸಾಯುವ ಕೋಡ್. ಹತ್ತು ನಿಮಿಷ ಮೀರಬಾರದೆಂದು ಆರ್‌ಎಫ್‌ಸಿಯ ಸಲಹೆ. ಅದನ್ನು ವೆರಿಫೈಯರ್, ಕ್ಲೈಂಟ್ ಐಡಿ, ಸೀಕ್ರೆಟ್, ಅದೇ ರಿಡೈರೆಕ್ಟ್ ವಿಳಾಸದೊಂದಿಗೆ ನಿಮ್ಮ ಸರ್ವರ್‌ನಿಂದ ನೇರವಾಗಿ ಗೂಗಲ್‌ನ ಟೋಕನ್ ಸರ್ವರ್‌ಗೆ ಪೋಸ್ಟ್ ಮಾಡಿ. ಉತ್ತರದಲ್ಲಿ ಆಕ್ಸೆಸ್ ಟೋಕನ್, ಅದರ ಆಯುಷ್ಯ (ಸಾಮಾನ್ಯವಾಗಿ 3599 ಸೆಕೆಂಡ್, ಅಂದರೆ ಸುಮಾರು ಒಂದು ತಾಸು), ರಿಫ್ರೆಶ್ ಟೋಕನ್ (ಆ ಅವಧಿ ಮುಗಿದಾಗ ಸರ್‌ಗೆ ಮತ್ತೆ ಕೇಳದೆ ಹೊಸ ಆಕ್ಸೆಸ್ ಟೋಕನ್ ತರಲು ಬಳಸುವುದು) ಬರುತ್ತವೆ. ಬಂದ ಕೂಡಲೇ ಬ್ರೌಸರ್ ಅನ್ನು ಬೇರೆ ಪುಟಕ್ಕೆ ಕಳಿಸಿಬಿಡಿ. ಅಲ್ಲೇ ನಿಲ್ಲಿಸಿದರೆ ಯಾರಾದರೂ ಪುಟ ರಿಫ್ರೆಶ್ ಮಾಡುತ್ತಾರೆ, ಹಳೆಯ ಕೋಡ್ ಮತ್ತೆ ಹೋಗುತ್ತದೆ, 'ಇನ್‌ವ್ಯಾಲಿಡ್ ಗ್ರ್ಯಾಂಟ್' ಎಂದು ಬರುತ್ತದೆ.

ಇನ್ನು ಕ್ಯಾಲೆಂಡರ್ ಕೇಳುವಾಗ ಟೋಕನ್ ಅನ್ನು ಆಥರೈಸೇಶನ್ ಹೆಡರ್‌ನಲ್ಲಿ 'ಬೇರರ್' ಪದದ ನಂತರ ಒಂದು ಖಾಲಿ ಜಾಗ ಬಿಟ್ಟು ಇಡಿ. ವಿಳಾಸದಲ್ಲಿ ಹಾಕಿದರೆ ಸರ್ವರ್ ಲಾಗ್‌ಗಳಲ್ಲಿ ಉಳಿದುಹೋಗುತ್ತದೆ. 401 ಬಂದರೆ ಟೋಕನ್ ಅವಧಿ ಮುಗಿದಿರಬಹುದು, ಹೊಸದು ತನ್ನಿ. 403 ಬಂದರೆ ಮೊದಲು ಸ್ಕೋಪ್ ಸಾಲುತ್ತದೆಯೇ, ಎಪಿಐ ಎನೇಬಲ್ ಆಗಿದೆಯೇ ನೋಡಿ. ಎಷ್ಟು ಸಲ ರಿಫ್ರೆಶ್ ಮಾಡಿದರೂ ಅದು ಬಗೆಹರಿಯದು. ಇನ್ನೊಂದು ಮಾತು, ಓಆತ್‌ಗೆ ಸಂಬಂಧವಿಲ್ಲದ್ದು: ಫ್ರೀಬಿಸಿ ವಿಚಾರಣೆಯಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಕೊಡದಿದ್ದರೆ ಉತ್ತರ ಯುಟಿಸಿಯಲ್ಲಿ ಬರುತ್ತದೆ. ಬೆಳಿಗ್ಗೆ ಹತ್ತರ ಕ್ಲಾಸ್ ನಾಲ್ಕೂವರೆಗೆ ಕೂರುತ್ತದೆ.

ವಾರಕ್ಕೊಮ್ಮೆ ಕೆಡುವ ಆ್ಯಪ್

ಸೋಮವಾರ ಸರಿ ಇತ್ತು, ಮುಂದಿನ ಸೋಮವಾರ ಆರೂ ಜನರ ಕ್ಯಾಲೆಂಡರ್ ನಿಂತಿದೆ. ಕೋಡ್ ಯಾರೂ ಮುಟ್ಟಿಲ್ಲ. ಹೊರಗಿನ ಬಳಕೆದಾರರ ಆ್ಯಪ್ ಟೆಸ್ಟಿಂಗ್ ಸ್ಥಿತಿಯಲ್ಲಿರುವಾಗ ಇಂಥ ಸ್ಕೋಪ್‌ಗಳ ರಿಫ್ರೆಶ್ ಟೋಕನ್ ಏಳು ದಿನಕ್ಕೆ ಸಾಯುತ್ತದೆ, ಅದೇ ಕಾರಣ. ಟೆಸ್ಟಿಂಗ್ ಮುಗಿದ ಮೇಲೆ ಆಡಿಯೆನ್ಸ್ ಪುಟದಲ್ಲಿ ಪ್ರೊಡಕ್ಷನ್‌ಗೆ ಬದಲಿಸಿ, ಎಲ್ಲರೂ ಒಮ್ಮೆ ಮತ್ತೆ ಒಪ್ಪಿಗೆ ಕೊಡಲಿ. ಸೂಕ್ಷ್ಮ ಸ್ಕೋಪ್ ಬಳಸಿ ಸಾರ್ವಜನಿಕರಿಗೆ ಬಿಡುವುದಾದರೆ ಗೂಗಲ್‌ನ ಪರಿಶೀಲನೆಯೂ ಇದೆ.

ರಿಫ್ರೆಶ್ ಟೋಕನ್ ಸಾಮಾನ್ಯವಾಗಿ ಮೊದಲ ಒಪ್ಪಿಗೆಯಲ್ಲಿ ಮಾತ್ರ ಸಿಗುತ್ತದೆ. ಎರಡನೆಯ ಸಲ ಲಾಗಿನ್ ಆದಾಗ ಬರದ ಟೋಕನ್ ಅನ್ನು ಖಾಲಿಯೆಂದು ಡೇಟಾಬೇಸ್‌ಗೆ ಬರೆದು, ಇದ್ದದ್ದನ್ನೂ ಕಳೆದುಕೊಳ್ಳುವ ಕೋಡ್ ಬೇಕಾದಷ್ಟಿದೆ. ಕಳೆದಿದ್ದರೆ ಪ್ರಾಂಪ್ಟ್ 'ಕನ್ಸೆಂಟ್' ಸೇರಿಸಿ ಮತ್ತೆ ಕೇಳಿ. ಆರು ತಿಂಗಳು ಬಳಸದೇ ಬಿಟ್ಟರೂ ಅದು ಹೋಗುತ್ತದೆ. ಒಂದು ಖಾತೆಗೆ ಒಂದು ಕ್ಲೈಂಟ್ ಐಡಿಯಲ್ಲಿ ರಿಫ್ರೆಶ್ ಟೋಕನ್‌ಗಳು 100 ದಾಟಿದರೆ ಹಳೆಯದು ಸದ್ದಿಲ್ಲದೆ ರದ್ದಾಗುತ್ತದೆ. ದಿನವಿಡೀ ಅದೇ ಖಾತೆಯಲ್ಲಿ ಟೆಸ್ಟ್ ಮಾಡುವವರಿಗೆ ಇದು ಕಾಡುತ್ತದೆ.

ಚೀಟಿ ರದ್ದು

ಒಪ್ಪಿಗೆ ಪುಟ ಅಸಲಿಯಾಗಿದ್ದರೂ ಕೇಳುವ ಆ್ಯಪ್ ನಕಲಿ ಇರಬಹುದು. 2017ರ ಮೇ 3ರಂದು 'ಗೂಗಲ್ ಡಾಕ್ಸ್' ಎಂದು ಹೆಸರಿಟ್ಟುಕೊಂಡ ಒಂದು ಆ್ಯಪ್ ಹೀಗೆಯೇ ಜನರ ಮೇಲ್, ಸಂಪರ್ಕ ಪಟ್ಟಿಗೆ ಅನುಮತಿ ಪಡೆದು ಹರಡಿತು. ಪುಟ ಗೂಗಲ್‌ನದೇ ಆಗಿತ್ತು, ಹೆಸರು ಮಾತ್ರ ಸುಳ್ಳು. ಹೀಗಾಗಿ ಸರ್‌ಗಳಿಗೆ ಎರಡು ವಿಷಯ ಹೇಳಿಕೊಡಿ: ಆ್ಯಪ್ ಹೆಸರಿನ ಮೇಲೆ ಒತ್ತಿ ಡೆವಲಪರ್‌ನ ಇಮೇಲ್ ನೋಡುವುದು, ಗೂಗಲ್ ಖಾತೆಯ ಸೆಕ್ಯುರಿಟಿ ಭಾಗದಲ್ಲಿ ಹೊರಗಿನ ಆ್ಯಪ್‌ಗಳ ಪಟ್ಟಿ ತೆರೆದು ಬೇಡದ್ದನ್ನು ತೆಗೆಯುವುದು. ಪಾಸ್‌ವರ್ಡ್ ಬದಲಿಸಿದರೆ ಜಿಮೇಲ್ ಸ್ಕೋಪ್ ಇರುವ ರಿಫ್ರೆಶ್ ಟೋಕನ್ ರದ್ದಾಗುತ್ತದೆ, ಕ್ಯಾಲೆಂಡರ್‌ನದು ಹಾಗೇ ಉಳಿಯುತ್ತದೆ.

ನಿಮ್ಮ ಆ್ಯಪ್‌ನಲ್ಲೂ 'ಸಂಪರ್ಕ ಕಡಿ' ಗುಂಡಿ ಇರಲಿ, ಲಾಗೌಟ್‌ನಿಂದ ಬೇರೆಯಾಗಿ. ಅದು ಮೊದಲು ಗೂಗಲ್‌ನ ರಿವೋಕ್ ವಿಳಾಸಕ್ಕೆ ಟೋಕನ್ ಕಳಿಸಿ, ಉತ್ತರ 200 ಬಂದ ಮೇಲೆ ಡೇಟಾಬೇಸ್‌ನ ಸಾಲು ಅಳಿಸಬೇಕು. ಈ ಕ್ರಮ ತಲೆಕೆಳಗಾದರೆ, ಅಂದರೆ ಸಾಲು ಮೊದಲು ಅಳಿಸಿ ನಂತರ ನೆಟ್ ಹೋದರೆ, ರದ್ದು ಮಾಡಲು ಕೈಯಲ್ಲಿ ಟೋಕನ್ ಇರುವುದಿಲ್ಲ. ಸರ್ ತಾವೇ ಖಾತೆಗೆ ಹೋಗಿ ತೆಗೆಯಬೇಕಾಗುತ್ತದೆ.