ಕಾಗದ ಓದಿದ್ದು ಮಗ

ವಲಸೆ ಬಂದ ಕುಟುಂಬಗಳ ಹೆಂಗಸರನ್ನು ಮ್ಯಾಮೊಗ್ರಾಂಗೆ, ಅಂದರೆ ಎದೆಯ ಕ್ಯಾನ್ಸರ್ ಇದೆಯೇ ಎಂದು ನೋಡುವ ಎಕ್ಸ್-ರೇ ತಪಾಸಣೆಗೆ, ಕರೆತರುವುದು ನನ್ನ ಕೆಲಸ. ಮೊದಲ ವರ್ಷ ಸಭೆ ಕರೆದು, ಚಿತ್ರ ತೋರಿಸಿ, ಭಾಷಣ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ತಪಾಸಣೆಗೆ ಬಂದವರು ಇಬ್ಬರೇ. 'ಇವರಿಗೆ ನಾಚಿಕೆ ಜಾಸ್ತಿ' ಎಂದು ನಾವು ನಾವೇ ತೀರ್ಮಾನಿಸಿಬಿಟ್ಟೆವು.

ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಕೂತೆ. ಒಬ್ಬರಿಗೆ ತಪಾಸಣೆಯ ಸುದ್ದಿಯೇ ಗೊತ್ತಿರಲಿಲ್ಲ. ತಪಾಸಣೆಗೆ ಕರೆಯುವ ಕಾಗದವೇನೋ ಮನೆ ತಲುಪಿತ್ತು. ಓದಿದ್ದು 13 ವರ್ಷದ ಮಗ. ಆ ಮನೆಯಲ್ಲಿ ಕಾಗದದ ಭಾಷೆ ಓದಲು ಬರುವುದು ಅವನಿಗೆ ಮಾತ್ರ. ಅಮ್ಮನ ಎದೆಯ ವಿಷಯ ಪಾಪ ಅವನಾದರೂ ಹೇಗೆ ಹೇಳಬೇಕು? 'ಏನೋ ಆಸ್ಪತ್ರೆಯದ್ದು' ಎಂದು ಮಡಚಿಟ್ಟಿದ್ದ. ನಾಚಿಕೆ ಯಾರಿಗಿತ್ತು ನೋಡಿ!

ಅಂದಿನಿಂದ ಕಾಗದದ ಹಿಂದೆಯೇ ಅವರ ಭಾಷೆಯಲ್ಲೇ ಒಂದು ಫೋನ್. ಮಾತಾಡುವವರೂ ಹೆಂಗಸರೇ. ಮಕ್ಕಳಿಂದ ಅನುವಾದ ಮಾಡಿಸುವುದನ್ನು ಪೂರ್ತಿ ಬಿಟ್ಟೆವು. ಎದೆಯನ್ನು ಎರಡು ಪ್ಲೇಟ್ ನಡುವೆ ಕೆಲವು ಸೆಕೆಂಡ್ ಒತ್ತುತ್ತಾರೆ, ಕೆಲವರಿಗೆ ನೋಯುತ್ತದೆ ಎಂದು ಮೊದಲೇ ಹೇಳುತ್ತೇವೆ. ಸುಮ್ನೆ 'ನೋಯೋದೇ ಇಲ್ಲ' ಎಂದರೆ ಅವರೂ ಮತ್ತೆ ಬರುವುದಿಲ್ಲ, ಅವರ ನಾದಿನಿಯೂ ಬರುವುದಿಲ್ಲ. ಆ ದಿನ ಪೌಡರ್, ಡಿಯೋಡರೆಂಟ್ ಬೇಡ. ಅವು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಕಂಡು ಗೊಂದಲ ಮಾಡುತ್ತವೆ.

ವಯಸ್ಸಿನ ಪ್ರಶ್ನೆಯಂತೂ ತಪ್ಪುವುದಿಲ್ಲ. ಅಕ್ಕ ಒಂದು ದೇಶದಲ್ಲಿ, ತಂಗಿ ಇನ್ನೊಂದರಲ್ಲಿ ಇರುತ್ತಾರಲ್ವಾ? ಇಂಗ್ಲೆಂಡಿನಲ್ಲಿ 50ರಿಂದ 71ರ ಒಳಗೆ ಮೂರು ವರ್ಷಕ್ಕೊಮ್ಮೆ ಕರೆಯುತ್ತಾರೆ. ಅಮೆರಿಕದಲ್ಲಿ 2024ರಿಂದ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಎಂಬ ಸಲಹೆ ಇದೆ. ನೀವಿರುವ ಕಡೆಯ ಲೆಕ್ಕ ನೋಡಿಕೊಳ್ಳಿ ಎನ್ನುತ್ತೇನೆ.

ನಾವು ನಿಜವಾಗಿ ಎಡವಿದ್ದು ಬೇರೆ ಕಡೆ. ಒಬ್ಬರನ್ನು ಇನ್ನಷ್ಟು ಚಿತ್ರ ತೆಗೆಯಲು ಮತ್ತೆ ಕರೆದರು. ಅವರು ರಾತ್ರಿಯಿಡೀ ಅತ್ತರು. ಕೊನೆಗೆ ನೋಡಿದರೆ ಏನೂ ಇರಲಿಲ್ಲ. ಅಷ್ಟರಲ್ಲಿ 'ಅವಳಿಗೆ ಕ್ಯಾನ್ಸರ್ ಬಂತಂತೆ' ಎಂಬ ಮಾತು ಮನೆಮನೆ ಸುತ್ತಿತ್ತು. ಮುಂದಿನ ವಾರ ಆರು ಜನ ಬರಲೇ ಇಲ್ಲ. ಈಗ ಮೊದಲ ಫೋನಿನಲ್ಲೇ ಹೇಳುತ್ತೇವೆ: ಇಂಗ್ಲೆಂಡಿನ ಲೆಕ್ಕದಲ್ಲಿ 100 ಜನರಲ್ಲಿ ಸುಮಾರು 4 ಜನರನ್ನು ಮತ್ತೆ ಕರೆಯುತ್ತಾರೆ, ಆ ನಾಲ್ವರಲ್ಲಿ ಕ್ಯಾನ್ಸರ್ ಸಿಗುವುದು ಒಬ್ಬರಿಗೆ.

ಮತ್ತೆ ಕರೆ ಬಂದವರ ಜೊತೆ ನಮ್ಮಲ್ಲೊಬ್ಬರು ಹೋಗಿ ಕೂರುತ್ತೇವೆ. ಇದು ನಮ್ಮ ತಲೆಯಿಂದ ಬಂದದ್ದಲ್ಲ. 1990ರಲ್ಲೇ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಡಾ. ಹೆರಾಲ್ಡ್ ಫ್ರೀಮನ್ ರೋಗಿಗೆ ಹೀಗೆ ದಾರಿ ತೋರುವ ಜೊತೆಗಾರರನ್ನು ಇಟ್ಟಿದ್ದರು.

ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳುತ್ತೇವೆ. ಗಂಟು ಕೈಗೆ ಸಿಕ್ಕಿದರೆ ಮುಂದಿನ ಕಾಗದಕ್ಕೆ ಕಾಯಬೇಡಿ. ಹೋದ ವರ್ಷ ಎಲ್ಲ ಸರಿಯಿದೆ ಎಂದಿದ್ದರೂ ಈಗಲೇ ಡಾಕ್ಟರಿಗೆ ತೋರಿಸಿ.