ಮಣ್ಣು ಸುರಿದರೆ ಹಂಪ್ ಆಗುವುದಿಲ್ಲ: ಊರಿನ ಜಲ್ಲಿ ರಸ್ತೆಯಲ್ಲಿ ವೇಗ ತಗ್ಗಿಸುವ ಕ್ರಮ

ಕಾರ್ಕಳ, ಹೆಬ್ರಿ, ಬಂಟ್ವಾಳ, ಬೆಳ್ತಂಗಡಿಯ ಒಳಊರುಗಳಲ್ಲಿ ಡಾಮರು ಮುಗಿದು ಜಲ್ಲಿ ರಸ್ತೆ ಶುರುವಾಗುವಲ್ಲೆಲ್ಲ ದೂರು ಒಂದೇ. ಕೆಂಪುಕಲ್ಲಿನ ಕೋರೆಗೆ ಹೋಗುವ ಟಿಪ್ಪರ್, ಪಿಕಪ್, ಬೈಕು ಯಾವುದೂ ಮನೆಗಳ ಎದುರು ನಿಧಾನ ಮಾಡುವುದಿಲ್ಲ. ಯಾರಿಗಾದರೂ ಪೆಟ್ಟಾದ ಮರುದಿನ ಊರವರೇ ಸೇರಿ ನಾಲ್ಕು ಬುಟ್ಟಿ ಮಣ್ಣು ಸುರಿಯುತ್ತಾರೆ, ಇಲ್ಲವೇ ತೆಂಗಿನ ಮರದ ತುಂಡೊಂದನ್ನು ರಸ್ತೆಗೆ ಅಡ್ಡ ಹೂಳುತ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ. ಟಿಪ್ಪರಿನ ದೊಡ್ಡ ಚಕ್ರಕ್ಕೆ ಆ ದಿಬ್ಬ ಲೆಕ್ಕಕ್ಕೇ ಇಲ್ಲ. ಕತ್ತಲೆಯಲ್ಲಿ ಅದಕ್ಕೆ ಬಡಿದು ಬೀಳುವವರು ಸ್ಕೂಟರಿನಲ್ಲಿ ಬರುವ ನಿಮ್ಮ ಊರಿನವರೇ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ ಅಪರಾಧವೂ ಹೌದು.

ಮೊದಲು ವೇಗ ಅಳೆಯಿರಿ

"ತುಂಬಾ ಸ್ಪೀಡ್ ಹೋಗ್ತಾರೆ ಸಾರ್" ಎಂಬ ಮಾತಿನಿಂದ ಯಾವ ಕಡತವೂ ಕದಲುವುದಿಲ್ಲ, ಅಂಕಿ ಬೇಕು. ರಸ್ತೆಯ ನೇರ ಭಾಗದಲ್ಲಿ ಟೇಪು ಹಿಡಿದು 50 ಮೀಟರ್ ಅಳೆದು, ಎರಡೂ ತುದಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಮುಂಚಕ್ರ ಮೊದಲ ಗೆರೆ ಮುಟ್ಟಿದಾಗ ಒತ್ತಿ, ಎರಡನೆಯದನ್ನು ಮುಟ್ಟಿದಾಗ ನಿಲ್ಲಿಸಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ವೇಗ ಎಂದು ಸಿಗುತ್ತದೆ. 6 ಸೆಕೆಂಡಾದರೆ 30, ನಾಲ್ಕೂವರೆಯಾದರೆ 40, ಮೂರೇ ಸೆಕೆಂಡಾದರೆ 60. ಶಾಲೆಗೆ ಮಕ್ಕಳು ಹೋಗುವ, ಬರುವ ಹೊತ್ತಿನಲ್ಲಿ ಎರಡು ದಿನ ಕೂತು ಬರೆದಿಟ್ಟುಕೊಳ್ಳಿ. ಸಮಯ, ವಾಹನದ ಬಗೆ, ಸೆಕೆಂಡು, ಈ ಮೂರೇ ಕಾಲಂ ಸಾಕು. ಅಳೆಯುವವರು ರಸ್ತೆಯಂಚಿನಲ್ಲಿ ಎದ್ದು ಕಾಣುವಂತೆ ನಿಂತರೆ ಚಾಲಕರು ನಿಧಾನ ಮಾಡುತ್ತಾರೆ, ಲೆಕ್ಕ ಕೆಡುತ್ತದೆ. ಮನೆಯ ಜಗಲಿಯಲ್ಲೋ ಗೇಟಿನ ಒಳಗೋ ಕೂರಿ.

ಜಲ್ಲಿಯ ಮೇಲೆ 40 ಕಿ.ಮೀ. ವೇಗವೂ ಏಕೆ ಹೆಚ್ಚು ಎಂದು ಕೇಳುವವರಿಗೆ ಈ ಲೆಕ್ಕ ಕೊಡಿ. ಒಣ ಡಾಮರಿನಲ್ಲಿ ಟಯರಿನ ಹಿಡಿತ (ಘರ್ಷಣೆಯ ಗುಣಾಂಕ) ಸುಮಾರು 0.7 ಎಂದಿಟ್ಟುಕೊಂಡರೆ ಸಡಿಲ ಜಲ್ಲಿಯಲ್ಲಿ ಅದರ ಅರ್ಧ. ಹಾಗಾಗಿ ಬ್ರೇಕ್ ಹಿಡಿದ ಮೇಲೆ ಡಾಮರಿನಲ್ಲಿ 9 ಮೀಟರಿಗೆ ನಿಲ್ಲುವ ವಾಹನ ಜಲ್ಲಿಯಲ್ಲಿ 18 ಮೀಟರ್ ಜಾರುತ್ತದೆ. ಚಾಲಕ ಕಂಡು, ಕಾಲು ಬ್ರೇಕಿಗೆ ಹೋಗುವ ಹೊತ್ತಿಗೆ ರಸ್ತೆ ವಿನ್ಯಾಸದಲ್ಲಿ ಎರಡೂವರೆ ಸೆಕೆಂಡು ಹಿಡಿಯುತ್ತಾರೆ, ಅಷ್ಟರಲ್ಲಿ ಇನ್ನೊಂದು 28 ಮೀಟರ್. ಒಟ್ಟು 46 ಮೀಟರ್. 60ರ ವೇಗದಲ್ಲಿ ಇದು 80 ಮೀಟರ್ ದಾಟುತ್ತದೆ. 30ರಲ್ಲಿ ಮಾತ್ರ 31 ಮೀಟರಿಗೆ ಇಳಿಯುತ್ತದೆ. ನಮ್ಮ ಗುಡ್ಡೆ ರಸ್ತೆಗಳ ತಿರುವಿನಲ್ಲಿ ಎಷ್ಟೋ ಕಡೆ 30 ಮೀಟರ್ ಮುಂದಿನದೂ ಕಾಣುವುದಿಲ್ಲ.

ರಸ್ತೆ ಯಾರದು?

ಪಂಚಾಯತ್ ಕಚೇರಿಯಲ್ಲಿ ಪಿಡಿಒ ಅವರನ್ನು ಕೇಳಿದರೆ ಗೊತ್ತಾಗುತ್ತದೆ: ಗ್ರಾಮ ಪಂಚಾಯತಿನದೋ, ಜಿಲ್ಲಾ ಪಂಚಾಯತಿನದೋ, ಲೋಕೋಪಯೋಗಿ ಇಲಾಖೆಯದೋ, ಗ್ರಾಮ ಸಡಕ್ ಯೋಜನೆಯದೋ. ವಾರ್ಡ್ ಸಭೆಯಲ್ಲಿ ನಿಮ್ಮ ಅಂಕಿಗಳ ಪಟ್ಟಿಯೊಡನೆ ವಿಷಯ ಎತ್ತಿ, ಗ್ರಾಮ ಸಭೆಯ ನಿರ್ಣಯದಲ್ಲಿ ಬರೆಸಿ. ಬರೆಸದಿದ್ದರೆ ಆ ಚರ್ಚೆ ನಡೆದೇ ಇಲ್ಲ ಎಂದಾಗುತ್ತದೆ. ಟಿಪ್ಪರುಗಳಿಗೆ ಶಾಲೆಯ ಹೊತ್ತಿನಲ್ಲಿ ನಿರ್ಬಂಧ ಬೇಕಿದ್ದರೆ ಅದು ಪಂಚಾಯತಿನ ಕೈಯಲ್ಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಡಿ ಆದೇಶ ಕೋರಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹೋಗಬೇಕು.

ಜಾಗ ಗುರುತಿಸುವುದು

ಹಂಪ್ ತಿರುವಿನೊಳಗೆ ಬೇಡ, ಏರು-ಇಳಿತದ ಮೇಲೆ ಬೇಡ, ಮೋರಿಯ ಮೇಲೆ ಬೇಡ. ಎರಡೂ ಕಡೆಯಿಂದ 40 ಮೀಟರ್ ದೂರಕ್ಕೆ ಕಾಣುವ ಸಮತಟ್ಟು ಜಾಗ ಹುಡುಕಿ. ಅಂಗನವಾಡಿಯ ಗೇಟಿನ ಎದುರೇ ಹಂಪ್ ಬೇಕೆಂದು ಊರವರು ಹಟ ಮಾಡುವುದಿದೆ. ಗೇಟಿಗೆ ಬರುವಷ್ಟರಲ್ಲಿ ವಾಹನ ನಿಧಾನವಾಗಿರಬೇಕಲ್ಲವೇ? ಗೇಟಿನಿಂದ 20-30 ಮೀಟರ್ ಆಚೀಚೆ ಒಂದೊಂದು ಇದ್ದರೆ ಸರಿ. ಉದ್ದದ ರಸ್ತೆಯಲ್ಲಿ ಸಾಲಾಗಿ ಹಾಕುವುದಾದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಮಾರ್ಗಸೂಚಿ ಹೇಳುವ ಅಂತರ 100ರಿಂದ 120 ಮೀಟರ್.

ಹಂಪ್ ಕಟ್ಟುವುದು: ಎಲ್ಲರೂ ಎಡವುವುದು ಇಲ್ಲೇ

ಐಆರ್‌ಸಿ 99 ಮಾರ್ಗಸೂಚಿಯ ಹಂಪ್ ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಇದು ಹಿತ, ಅದಕ್ಕಿಂತ ಹೆಚ್ಚಿದರೆ ಸೊಂಟಕ್ಕೆ ಗೊತ್ತಾಗುತ್ತದೆ. ನಮ್ಮಲ್ಲಿ ಕಾಣುವುದು ಒಂದೂವರೆ ಅಡಿ ಉದ್ದ, ಅರ್ಧ ಅಡಿ ಎತ್ತರದ ಗಡ್ಡೆ. ಅದರ ಮೇಲೆ ಕಾರಿನ ಹೊಟ್ಟೆ ಉಜ್ಜುತ್ತದೆ, ರಿಕ್ಷಾದಲ್ಲಿ ಆಸ್ಪತ್ರೆಗೆ ಹೊರಟ ಬಸುರಿಗೆ ನರಕ.

ಜಲ್ಲಿ ರಸ್ತೆಯಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಹಂಪಿನ ಮುಂಚೆ ಎಲ್ಲರೂ ಬ್ರೇಕ್ ಹಿಡಿಯುತ್ತಾರೆ, ದಾಟಿದೊಡನೆ ಆಕ್ಸಿಲರೇಟರ್ ಒತ್ತುತ್ತಾರೆ. ಎರಡೂ ಸಲ ಟಯರು ಜಲ್ಲಿಯನ್ನು ಕಿತ್ತು ಎಸೆಯುತ್ತದೆ. ಒಂದೇ ಮಳೆಗಾಲದಲ್ಲಿ ಎರಡೂ ಬದಿಗೆ ಹೊಂಡ ಬಿದ್ದು 10 ಸೆಂ.ಮೀ. ಹಂಪ್ 18 ಸೆಂ.ಮೀ. ಆಗಿಬಿಡುತ್ತದೆ. ಆದ್ದರಿಂದ ಹಂಪನ್ನಷ್ಟೇ ಕಾಂಕ್ರೀಟ್ ಮಾಡಿದರೆ ಹಣ ದಂಡ. ಆಚೆ 3 ಮೀಟರ್, ಈಚೆ 3 ಮೀಟರ್ ಚಪ್ಪಟೆ ಕಾಂಕ್ರೀಟ್ ಸೇರಬೇಕು. ಒಟ್ಟು ಉದ್ದ 9.7 ಮೀಟರ್. ಇದರಲ್ಲಿ ಚೌಕಾಸಿ ಬೇಡ.

ಅಷ್ಟು ಉದ್ದಕ್ಕೆ ಸಡಿಲ ಜಲ್ಲಿ, ಮಣ್ಣು ಪೂರ್ತಿ ತೆಗೆದು ಗಟ್ಟಿ ನೆಲಕ್ಕೆ ಇಳಿಯಿರಿ. ಹೆಚ್ಚಿನ ಕಡೆ ಮುರಕಲ್ಲು (ಕೆಂಪುಕಲ್ಲು) ಸಿಗುತ್ತದೆ, ಅದಕ್ಕಿಂತ ಒಳ್ಳೆಯ ತಳವಿಲ್ಲ. ಜೇಡಿ ಸಿಕ್ಕಿದರೆ ಇನ್ನೂ 15 ಸೆಂ.ಮೀ. ತೆಗೆದು, ಮುರಕಲ್ಲಿನ ಚೂರು ತುಂಬಿ, ನೀರು ಹಾಕಿ ರೋಲರ್ ಓಡಿಸಿ. ಕಾಂಕ್ರೀಟಿನ ಎರಡೂ ತುದಿಯಲ್ಲಿ 30 ಸೆಂ.ಮೀ. ಆಳದ ಸಾಲು ತೋಡಿ ಅದರೊಳಗೂ ಕಾಂಕ್ರೀಟ್ ಇಳಿಯಲಿ. ಇಲ್ಲದಿದ್ದರೆ ಮಳೆನೀರು ಅಂಚಿನ ಅಡಿಯಿಂದ ಮಣ್ಣು ಕೊರೆದು ಕಾಂಕ್ರೀಟ್ ಹಲಗೆಯ ಅಡಿಯನ್ನು ಟೊಳ್ಳು ಮಾಡುತ್ತದೆ.

ಹಂಪಿನಡಿಯ ತಳದ ಹಲಗೆಯ ದಪ್ಪ 15 ಸೆಂ.ಮೀ., ಟಿಪ್ಪರ್ ಓಡುವಲ್ಲಿ 20. ರಸ್ತೆ 3.75 ಮೀಟರ್ ಅಗಲವಿದ್ದರೆ ಮೊದಲನೆಯದಕ್ಕೆ ಸುಮಾರು 6.4, ಎರಡನೆಯದಕ್ಕೆ 8.2 ಘನ ಮೀಟರ್ ಕಾಂಕ್ರೀಟ್ ಬೇಕು. ಬಲದಲ್ಲಿ ಎಂ30 ದರ್ಜೆಯದನ್ನೇ ಕೇಳಿ. ಮಿಕ್ಸರ್ ಲಾರಿಯಿಂದ ಬೇಗ ಇಳಿಯಲಿ ಎಂದು ನೀರು ಸೇರಿಸುವ ಅಭ್ಯಾಸವಿದೆ, ಅದನ್ನು ಅಲ್ಲೇ ತಡೆಯಿರಿ. ತೆಳು ಕಾಂಕ್ರೀಟ್ ಕಮಾನಿನ ಆಕಾರದಲ್ಲಿ ನಿಲ್ಲದೆ ಕೆಳಗೆ ಹರಿಯುತ್ತದೆ. ಸ್ಲಂಪ್, ಅಂದರೆ ಹಸಿ ಕಾಂಕ್ರೀಟ್ ಅಚ್ಚಿನಿಂದ ಬಿಡಿಸಿದಾಗ ಕುಸಿಯುವ ಅಳತೆ, 50 ಮಿ.ಮೀ. ಮೀರಬಾರದು.

ಆಕಾರಕ್ಕೆ ಮೇಸ್ತ್ರಿಯ ಕಣ್ಣಳತೆಯನ್ನು ನಂಬಬೇಡಿ, ಪ್ಲೈವುಡ್ಡಿನ ಅಚ್ಚು ಮಾಡಿಸಿ. ಎಂಟಡಿಯ ಹಾಳೆಯಲ್ಲಿ ಅರ್ಧ ಹಂಪ್, ಅಂದರೆ 1.85 ಮೀಟರ್ ಸಿಗುತ್ತದೆ. ಅದನ್ನೇ ತಿರುಗಿಸಿ ಇನ್ನರ್ಧಕ್ಕೆ ಬಳಸಬಹುದು. ಎತ್ತರಗಳು ಹೀಗೆ: ನಡುವಿನಲ್ಲಿ 10 ಸೆಂ.ಮೀ., ನಡುವಿನಿಂದ ಅರ್ಧ ಮೀಟರ್ ದೂರಕ್ಕೆ 9.3, ಒಂದು ಮೀಟರಿಗೆ 7, ಒಂದೂವರೆಗೆ 3.4, 1.85ಕ್ಕೆ ಸೊನ್ನೆ. ತಳದ ಹಲಗೆ ಮತ್ತು ಹಂಪ್ ಒಂದೇ ಸಲಕ್ಕೆ ಸುರಿಯಬೇಕು. ತಳ ಗಟ್ಟಿಯಾದ ಮೇಲೆ ಮರುದಿನ ಹಂಪ್ ಹಾಕಿದರೆ ಬುಡದ ತೆಳು ಅಂಚು ಮೊದಲ ವಾರವೇ ಸಿಪ್ಪೆಯಂತೆ ಏಳುತ್ತದೆ.

ಮೇಲ್ಮೈ ನುಣ್ಣಗೆ ಮಾಡಬೇಡಿ. ಕಾಂಕ್ರೀಟ್ ಬಿಗಿಯುವ ಮುನ್ನ ಕಡ್ಡಿ ಹಿಡಿಸೂಡಿಯಿಂದ (ಪೊರಕೆಯಿಂದ) ರಸ್ತೆಗೆ ಅಡ್ಡಲಾಗಿ ಗೆರೆ ಎಳೆಯಿರಿ, ಪಾಚಿ ಹಿಡಿಯುವ ಆಷಾಢದಲ್ಲಿ ಬೈಕಿನ ಚಕ್ರಕ್ಕೆ ಅದೇ ಆಧಾರ. ಒದ್ದೆ ಗೋಣಿ ಹೊದಿಸಿ 14 ದಿನ ನೀರುಣಿಸಬೇಕು, ತುಂಬಿದ ಟಿಪ್ಪರನ್ನು 28 ದಿನ ಬಿಡಬಾರದು. ರಸ್ತೆ ಕಿರಿದಾದ್ದರಿಂದ ಅರ್ಧರ್ಧ ಮಾಡುವುದು ಕಷ್ಟ. ಬದಲಿ ದಾರಿಯನ್ನು ಮೊದಲೇ ಗೊತ್ತು ಮಾಡಿ. ಬಾವಿಯಲ್ಲಿ ನೀರಿರುವ ಜನವರಿ, ಫೆಬ್ರವರಿ ಈ ಕೆಲಸಕ್ಕೆ ತಕ್ಕ ಕಾಲ. ಮೇ ಕೊನೆಯಲ್ಲಿ ಶಾಲೆ ಶುರುವಾಗುತ್ತದೆಂದು ಅವಸರದಲ್ಲಿ ಹಾಕಿದ್ದು ಉಳಿಯುವುದಿಲ್ಲ.

ಇನ್ನು ನೀರು. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿ.ಮೀ. ಮಳೆ ಬೀಳುವ ಕರಾವಳಿಯಲ್ಲಿ ಹಂಪ್ ಎಂದರೆ ಚಿಕ್ಕ ಅಣೆಕಟ್ಟು. ಅದರ ಎರಡು ತುದಿ ಬದಿಯ ಚರಂಡಿಗಿಂತ 30 ಸೆಂ.ಮೀ. ಮೊದಲೇ ಇಳಿಜಾರಾಗಿ ಮುಗಿಯಲಿ, ಆ ಸಂದಿಯಲ್ಲಿ ನೀರು ಹರಿಯಲಿ. ಅದೇ ಸಂದಿಯಲ್ಲಿ ಬೈಕು ನುಸುಳದಂತೆ ಚರಂಡಿಯ ಅಂಚಿಗೆ ಬಿಳಿ ಬಳಿದ ಗೂಟ ನೆಡಿ. ಆಚೀಚೆಯ ಜಲ್ಲಿ ರಸ್ತೆಯ ನಡು ಅಂಚಿಗಿಂತ 7-8 ಸೆಂ.ಮೀ. ಎತ್ತರವಿರಬೇಕು. ಶೇ. 4ರ ಇಳಿಜಾರು ಎಂದು ಎಂಜಿನಿಯರ್ ಹೇಳುವುದು ಇದನ್ನೇ.

ರಬ್ಬರ್ ಹಂಪ್ ತಂದು ಬೋಲ್ಟ್ ಹೊಡೆದರಾಯಿತಲ್ಲ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಜಲ್ಲಿಯಲ್ಲಿ ಬೋಲ್ಟ್ ಹಿಡಿಯುವುದಿಲ್ಲ. ತುಂಡೊಂದು ಕಿತ್ತು ಹೋದ ಮೇಲೆ ಉಳಿಯುವ ಮೊಳೆ ಟಯರು ಸೀಳುತ್ತದೆ.

ಫಲಕ, ಬಣ್ಣ

ಹಂಪಿಗೆ 40 ಮೀಟರ್ ಮೊದಲು ಎರಡೂ ಕಡೆ ತ್ರಿಕೋನ ಎಚ್ಚರಿಕೆ ಫಲಕ. ಬೆಳಕು ಬಿದ್ದಾಗ ಹೊಳೆಯುವ ರಿಫ್ಲೆಕ್ಟಿವ್ ಹಾಳೆಯದ್ದೇ ಬೇಕು. ಕೊಳ್ಳುವ ಮುನ್ನ ಕತ್ತಲ ಕೋಣೆಯಲ್ಲಿಟ್ಟು, ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ದೂರದಿಂದ ನೋಡಿ. ಮಂಕಾಗಿ ಕಂಡರೆ ಅದು ಬರೀ ಸಾದಾ ಸ್ಟಿಕ್ಕರ್. ಹಂಪಿನ ಮೇಲಿನ ಕಪ್ಪು-ಬಿಳಿ ಪಟ್ಟಿ ಧೂಳಿಗೆ ಬೇಗ ಮುಚ್ಚಿಹೋಗುವುದರಿಂದ ರಾತ್ರಿ ಕಾಪಾಡುವುದು ಫಲಕವೇ. ಬಳ್ಳಿ ಹಬ್ಬಿ ಅದನ್ನು ಮುಚ್ಚದಂತೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸವರಿ. ತಿರುವಿನ ಒಳಬದಿಯ ಪೊದೆಯನ್ನೂ ಅದೇ ದಿನ ಸವರಿದರೆ ಹತ್ತಿಪ್ಪತ್ತು ಮೀಟರ್ ನೋಟ ಖರ್ಚಿಲ್ಲದೆ ಸಿಗುತ್ತದೆ.

ಅಲೆ ಬಿದ್ದ ರಸ್ತೆ, ಧೂಳು

ಡಿಸೆಂಬರ್ ನಂತರ ಜಲ್ಲಿ ರಸ್ತೆಯಲ್ಲಿ ಬಟ್ಟೆ ಒಗೆಯುವ ಹಲಗೆಯಂತೆ ಅಡ್ಡ ಅಲೆಗಳು ಏಳುತ್ತವೆ. ಇದು ವೇಗ ತಗ್ಗಿಸುತ್ತದೆ ಎಂದು ಬಿಡುವವರಿದ್ದಾರೆ, ಆದರೆ ಅಲೆಯ ಮೇಲೆ ಟಯರು ಅರ್ಧ ಹೊತ್ತು ಗಾಳಿಯಲ್ಲಿರುವುದರಿಂದ ಬ್ರೇಕೂ ಹಿಡಿಯದು, ಹ್ಯಾಂಡಲೂ ತಿರುಗದು. ತಗ್ಗಿಗೆ ಜಲ್ಲಿ ತುಂಬಿಸಿದರೆ ವಾರದಲ್ಲಿ ಮತ್ತೆ ಅಲೆ. ಅಲೆಯ ತಗ್ಗಿನ ತಳಕ್ಕಿಂತಲೂ ಕೆಳಗಿನವರೆಗೆ ಕೆತ್ತಿ, ಮುರ ಮಣ್ಣು ಬೆರೆಸಿ, ತೇವ ಮಾಡಿ ರೋಲರ್ ಓಡಿಸಬೇಕು. ಕ್ರಷರಿನ ಬರೀ ಜಲ್ಲಿ ಹರಡಿದರೆ ಅದಕ್ಕೆ ಅಂಟು ಇಲ್ಲದೆ ಗೋಲಿಯಂತೆ ಉರುಳುತ್ತದೆ.

ಧೂಳಿಗೆ ದಿನಕ್ಕೆರಡು ಸಲ ಟ್ಯಾಂಕರ್ ನೀರು ಬಿಟ್ಟರೆ ಸುಲಭದ ದಾರಿ ಬೇರೆ ಇಲ್ಲ. ಗ್ಯಾರೇಜಿನ ಕಪ್ಪು ಆಯಿಲ್ ಚೆಲ್ಲುವ ಪದ್ಧತಿಯನ್ನು ಇಂದೇ ನಿಲ್ಲಿಸಿ. ತೂತು ತೂತಾದ ಮುರಕಲ್ಲಿನೊಳಗೆ ಇಳಿದು ಅದು ಸೇರುವುದು ಪಕ್ಕದ ಮನೆಯ ಕುಡಿಯುವ ನೀರಿನ ಬಾವಿಗೆ.

ಹಂಪ್ ಬಳಕೆಗೆ ಬಿಟ್ಟ ಒಂದು ತಿಂಗಳಿಗೆ ಮತ್ತೆ ಅದೇ 50 ಮೀಟರಿನ ಗೆರೆಗೆ ಹೋಗಿ ವೇಗ ಅಳೆಯಿರಿ. ಹೆಚ್ಚಿನ ವಾಹನಗಳು 6 ಸೆಕೆಂಡಿಗಿಂತ ಬೇಗ ದಾಟುತ್ತಿದ್ದರೆ ಎರಡನೆಯ ಹಂಪಿನ ಅರ್ಜಿಗೆ ಆ ಪಟ್ಟಿಯನ್ನೇ ಲಗತ್ತಿಸಿ.